ಲೋಕಾಪುರದ ಕಲ್ಲು, ಮುಧೋಳದ ಹುಳು

ಬನದ ಹುಣ್ಣಿಮೆಯ ದಿನ ಬನಶಂಕರಿಯ ತೇರು ನೋಡಬೇಕೆಂದು ಬೆಳಗಾವಿಯಿಂದ ಬೆಳಿಗ್ಗೆಯೇ ಹೊರಟೆವು. ನಾನು ಮತ್ತು ರಜೆಗೆ ಬಂದಿದ್ದ ಅಣ್ಣನ ಮಗಳು. ಅವಳು ಹೊರದೇಶದ ಪ್ರಯೋಗಾಲಯವೊಂದರಲ್ಲಿ ಕಡಲ ಹುಳುಗಳ ವಂಶವಾಹಿಗಳನ್ನು ಓದುತ್ತಾಳೆ. "ಹುಳ ನೋಡಲು ಅಷ್ಟು ದೂರ ಹೋಗಬೇಕಿತ್ತೇ?" ಎಂದು ಅವಳ ಅಜ್ಜಿ ಇಂದಿಗೂ ಕೇಳುತ್ತಾಳೆ.

ನೇಸರಗಿ ದಾಟಿ ಯರಗಟ್ಟಿ ಬರುವವರೆಗೆ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳಿದ್ದೇ ಬಂತು. ಬೇಸರ ಕಳೆಯಲು ಜಾತ್ರೆಯ ಮಾತು ತೆಗೆದೆ. ಹುಣ್ಣಿಮೆ ಎಂದದ್ದೇ ತಡ, "ಕಾಕಾ, ನಮ್ಮ ಹುಳುಗಳಿಗೂ ಪಂಚಾಂಗ ಇದೆ" ಎಂದಳು. ಪ್ಲಾಟಿನೆರಿಸ್ ಎಂಬ ಕಡಲ ಹುಳು ಚಂದ್ರನ ಲೆಕ್ಕ ಹಿಡಿದೇ ಮೊಟ್ಟೆಯಿಡುತ್ತದಂತೆ. ಪ್ರಯೋಗಾಲಯದಲ್ಲಿ ಚಂದ್ರನನ್ನು ಎಲ್ಲಿಂದ ತರುವುದು? ತಿಂಗಳಿಗೆ ಕೆಲವು ರಾತ್ರಿ ಮಂದ ದೀಪ ಹಚ್ಚಿ ಬೆಳದಿಂಗಳೆಂದು ಅವನ್ನು ನಂಬಿಸುತ್ತಾರೆ. ಮೊಟ್ಟೆಯಿಟ್ಟ ಮೇಲೆ ಹುಳು ಸಾಯುತ್ತದೆ. ಒಂದೇ ಜಾತ್ರೆ, ಒಂದೇ ಜನ್ಮ.

ಲೋಕಾಪುರದ ಹತ್ತಿರ ಕಾರು ನಿಲ್ಲಿಸಿದ್ದು ನನ್ನ ಹಟಕ್ಕೆ. ಇಡೀ ಕಲಾದಗಿ ಸೀಮೆ ಒಂದು ಕಾಲಕ್ಕೆ ಕಡಲ ತಳವಾಗಿತ್ತು ಎಂದು ಕೇಳಿದ್ದೆ. ಕಡಲಿದ್ದ ಮೇಲೆ ಕಲ್ಲಿನಲ್ಲಿ ಹುಳುವಿನ ಗುರುತು ಇರಲೇಬೇಕು, ಅದನ್ನು ತೋರಿಸಿ ಅವಳಿಂದ ಶಹಭಾಸ್ ಎನ್ನಿಸಿಕೊಳ್ಳಬೇಕು ಎಂಬುದು ನನ್ನ ಲೆಕ್ಕ. ಬಿಸಿಲಿನಲ್ಲಿ ಅರ್ಧ ಗಂಟೆ ಅಲೆದ ಮೇಲೆ ಬೂದುಬಣ್ಣದ ಬಂಡೆಯೊಂದು ಸಿಕ್ಕಿತು. ಉಳ್ಳಾಗಡ್ಡಿಯನ್ನು ಅಡ್ಡ ಕೊಯ್ದಂತೆ ಪದರದ ಮೇಲೆ ಪದರ. ಅವಳು ಮಂಡಿಯೂರಿ ಕುಳಿತಳು. "ಇದು ಹುಳುವಲ್ಲ ಕಾಕಾ, ಸ್ಟ್ರೊಮೆಟೊಲೈಟ್. ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳು ಚಾಪೆಯಂತೆ ಹಬ್ಬಿ, ಮೇಲೆ ಬಿದ್ದ ಕೆಸರನ್ನು ಹಿಡಿದಿಟ್ಟು, ಮತ್ತೆ ಅದರ ಮೇಲೆ ಹಬ್ಬಿ ಕಟ್ಟಿದ್ದು. ಇದಕ್ಕೆ ನೂರು ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಆಗ ಹುಳು ಹುಟ್ಟಿಯೇ ಇರಲಿಲ್ಲ."

ನನ್ನ ಮುಖ ಸಪ್ಪಗಾದದ್ದನ್ನು ನೋಡಿ ಸಮಾಧಾನಕ್ಕೆ ಇನ್ನೊಂದು ಮಾತು ಸೇರಿಸಿದಳು. ಮೇಯುವ ಪ್ರಾಣಿ ಒಂದೂ ಇರಲಿಲ್ಲವೆಂದೇ ಈ ಚಾಪೆಗಳು ಇಷ್ಟು ನಿಶ್ಚಿಂತೆಯಿಂದ ಬೆಳೆದವು. ಇಂದು ಇಂಥವು ಬದುಕಿರುವ ಜಾಗಗಳು ಬಲು ಕಡಿಮೆ. ಆಸ್ಟ್ರೇಲಿಯಾದ ಶಾರ್ಕ್ ಕೊಲ್ಲಿಯಲ್ಲಿ ನೀರು ಅತಿಯಾಗಿ ಉಪ್ಪಾಗಿರುವುದರಿಂದ ಮೇಯುವವರ ಕಾಟವಿಲ್ಲ, ಅದಕ್ಕೇ ಅಲ್ಲಿ ಉಳಿದಿವೆ. ಅಂದರೆ ನಾನು ತೋರಿಸಿದ್ದು ಹುಳುವಿನ ಗುರುತಲ್ಲ, ಹುಳು ಇಲ್ಲದ ಕಾಲದ ಗುರುತು. ಅಷ್ಟಾದರೂ ಆಯಿತಲ್ಲ.

ಹುಳುವಿನ ಕಥೆಯನ್ನು ಹಾಗಾದರೆ ಎಲ್ಲಿ ಓದುವುದು? ಬಂಡೆಯ ನೆರಳಿನಲ್ಲಿ ಕುಳಿತು ಕೇಳಿದೆ. ಮೆತ್ತನೆಯ ಮೈ ಕಲ್ಲಾಗಿ ಉಳಿಯುವುದು ಅಪರೂಪ. ಹೀಗಾಗಿ ಬದುಕಿರುವ ಹುಳುಗಳ ಒಳಗೇ ಹುಡುಕಬೇಕು. ಮೊಟ್ಟೆ ಫಲಗೊಂಡ ಹೊತ್ತಿನಿಂದ ಗಂಟೆ ಎಣಿಸಿ, ಹಂತ ಹಂತಕ್ಕೆ ಭ್ರೂಣಗಳನ್ನು ತೆಗೆದು, ಅವುಗಳ ಆರ್‌ಎನ್‌ಎಯನ್ನು, ಅಂದರೆ ಎಚ್ಚರಗೊಂಡ ವಂಶವಾಹಿಯಿಂದ ಇಳಿಸಿಕೊಂಡ ನಕಲನ್ನು, ಯಂತ್ರದಲ್ಲಿ ಓದಿಸುತ್ತಾರೆ. ಯಾವ ವಂಶವಾಹಿ ಯಾವ ಗಳಿಗೆಗೆ ಎಚ್ಚರಗೊಂಡಿತು ಎಂಬುದು ಆಗ ಗೊತ್ತಾಗುತ್ತದೆ. 2023ರಲ್ಲಿ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ತಂಡ ಹೀಗೆಯೇ ಮೂರು ಹುಳುಗಳನ್ನು ಹೋಲಿಸಿತು. ಒವೀನಿಯಾದ ಮರಿ ಹೆಚ್ಚುಕಡಿಮೆ ಬರೀ ತಲೆ. ಕಡಲಲ್ಲಿ ತೇಲುತ್ತ, ತಿನ್ನುತ್ತ ಇದ್ದು, ಮುಂಡವನ್ನು ಆಮೇಲೆ ಬೆಳೆಸಿಕೊಳ್ಳುತ್ತದೆ. ಕ್ಯಾಪಿಟೆಲ್ಲಾದ ಮರಿ ತಾಯಿ ಕಟ್ಟಿಕೊಟ್ಟ ಬುತ್ತಿಯಲ್ಲೇ ಬದುಕುತ್ತದೆ, ಮುಂಡ ಬೇಗನೆ ಮೂಡುತ್ತದೆ. ಡೈಮಾರ್ಫಿಲಸ್‌ಗೆ ಮರಿಯ ಅವಸ್ಥೆಯೇ ಇಲ್ಲ, ಮೊಟ್ಟೆಯಿಂದ ಪುಟ್ಟ ಹುಳುವಾಗಿಯೇ ಹೊರಬರುತ್ತದೆ. ಮುಂಡ ಕಟ್ಟುವ ಹಾಕ್ಸ್ ವಂಶವಾಹಿಗಳು ಒವೀನಿಯಾದಲ್ಲಿ ತಡವಾಗಿ ಏಳುತ್ತವೆ, ಉಳಿದೆರಡರಲ್ಲಿ ಬೇಗ.

"ಸಾಮಾನು ಅದೇ, ಒಲೆಗೆ ಇಡುವ ಹೊತ್ತು ಬೇರೆ" ಎಂದೆ. ಅವಳು ನಕ್ಕು, ಪ್ರಬಂಧದಲ್ಲಿ ಹೀಗೆ ಬರೆದರೆ ಯಾರೂ ಒಪ್ಪುವುದಿಲ್ಲ ಎಂದಳು. ಒಪ್ಪಬೇಕು ಎಂಬುದು ನನ್ನ ಅಭಿಪ್ರಾಯ.

ಊಟಕ್ಕೆ ಮುಧೋಳದ ಕಡೆಗೆ ತಿರುಗಿದೆವು. ಅಲ್ಲಿ ಕಾಲುವೆಯ ದಂಡೆಗೆ ನನ್ನ ಹಳೆಯ ಗೆಳೆಯನ ಹೊಲವಿದೆ. ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಚಟ್ನಿ, ಕೆನೆಮೊಸರು. ಕೈ ತೊಳೆದ ಮೇಲೆ ಗೆಳೆಯ ತನ್ನ ಎರೆಹುಳು ಗೊಬ್ಬರದ ತೊಟ್ಟಿಯ ಬಳಿಗೆ ಕರೆದೊಯ್ದ. ಒದ್ದೆ ಗೋಣಿಚೀಲ ಎತ್ತಿದರೆ ಕೆಂಪು ಹುಳುಗಳು ಗಿಜಿಗುಡುತ್ತಿದ್ದವು. ಹುಡುಗಿ ಒಂದನ್ನು ಅಂಗೈಗೆ ತೆಗೆದುಕೊಂಡು, "ಇದರ ಪೂರ್ವಜರೂ ಕಡಲಿನವರೇ" ಎಂದಳು.

2025ರಲ್ಲಿ ಬಾರ್ಸಿಲೋನಾದ ವಿಜ್ಞಾನಿಗಳು ಪ್ರಕಟಿಸಿದ ಸಂಗತಿಯನ್ನು ಆಗ ಹೇಳಿದಳು. ಕಡಲ ಹುಳುಗಳ ವರ್ಣತಂತುಗಳಲ್ಲಿ ವಂಶವಾಹಿಗಳ ಗುಂಪುಗಳು ಕೋಟ್ಯಂತರ ವರ್ಷಗಳಿಂದ ಬಹುಮಟ್ಟಿಗೆ ಹಳೆಯ ವಾಡೆಯ ಕುಟುಂಬಗಳಂತೆ ಕೂಡಿಯೇ ಇವೆ. ಎರೆಹುಳು, ಜಿಗಣೆಗಳ ಪೂರ್ವಜರಲ್ಲಿ ಮಾತ್ರ, ಇಪ್ಪತ್ತು ಕೋಟಿ ವರ್ಷಗಳಿಗೂ ಹಿಂದೆ, ಜೀನೋಮ್, ಅಂದರೆ ವಂಶವಾಹಿಗಳ ಇಡೀ ಗಂಟು, ಚೂರುಚೂರಾಗಿ ಒಡೆದು, ಹೇಗೆಂದರೆ ಹಾಗೆ ಮರುಜೋಡಣೆಯಾಯಿತು. ಸಿಹಿನೀರಿಗೆ, ನೆಲಕ್ಕೆ ಬಂದ ಕಾಲವೂ ಹೆಚ್ಚುಕಡಿಮೆ ಅದೇ. ಅಷ್ಟು ಕಲಸಿದರೆ ಜೀವಿ ಬದುಕುವುದೇ ಕಷ್ಟ ಎಂದು ಯಾರಾದರೂ ಎಣಿಸುತ್ತಿದ್ದರು. ಇವು ನೆಲವನ್ನೆಲ್ಲ ತುಂಬಿಕೊಂಡಿವೆ.

ಗೆಳೆಯ ಎಲ್ಲವನ್ನೂ ಮೌನವಾಗಿ ಕೇಳಿ, "ತಂಗಿ, ಕಡಲಿನಿಂದ ಬಂದದ್ದಾದರೆ ಉಪ್ಪು ಬಿದ್ದರೆ ಏಕೆ ಒದ್ದಾಡಿ ಸಾಯುತ್ತದೆ?" ಎಂದ.

ಅವಳು ತಕ್ಷಣ ಉತ್ತರ ಕೊಡಲಿಲ್ಲ. ಅದು ನನಗೆ ಹಿಡಿಸಿತು. ಆಮೇಲೆ ಹೇಳಿದಳು: ಸಿಹಿನೀರಿಗೆ ಒಗ್ಗಿದ ಮೈ ಅದು, ತೆಳು ಚರ್ಮ, ಹೊರಗೆ ಉಪ್ಪು ಹೆಚ್ಚಾದರೆ ಒಳಗಿನ ನೀರೆಲ್ಲ ಹೊರಗೆ ಎಳೆದುಕೊಂಡು ಹೋಗುತ್ತದೆ. ತವರಿಗೆ ಮರಳುವ ಹಾಗಿಲ್ಲ.

"ಹಾಗಾದರೆ ಬನ್ನಿ" ಎಂದು ಅವನು ನಮ್ಮನ್ನು ಕೆಳಗಿನ ಹೊಲಕ್ಕೆ ನಡೆಸಿದ. ವರ್ಷಗಟ್ಟಲೆ ಕಬ್ಬಿಗೆ ಕಾಲುವೆ ನೀರು ಹಾಯಿಸಿ, ಅದು ಬಸಿದುಹೋಗದೆ, ತಳದ ಉಪ್ಪು ಮೇಲೇರಿ ಒಂದು ಎಕರೆ ಸವಳಾಗಿತ್ತು. ಕಪ್ಪು ಮಣ್ಣಿನ ಮೇಲೆ ಸುಣ್ಣ ಚೆಲ್ಲಿದಂತೆ ಬಿಳಿ ಪೊರೆ. ಹುಡುಗಿ ಚಿಟಿಕೆ ಪುಡಿಯನ್ನು ನಾಲಿಗೆಗೆ ಮುಟ್ಟಿಸಿ ಮುಖ ಸಿಂಡರಿಸಿದಳು.

"ಹೋದ ವರ್ಷ ತೊಟ್ಟಿಯಿಂದ ಎರಡು ಬುಟ್ಟಿ ಹುಳು ತಂದು ಇಲ್ಲಿ ಬಿಟ್ಟಿದ್ದೆ" ಎಂದ ಗೆಳೆಯ. "ಬೆಳಗಾಗುವುದರೊಳಗೆ ಬದುಕಿದ್ದವೆಲ್ಲ ಬದುವಿನ ಮೇಲೆ ಹತ್ತಿ ಕುಳಿತಿದ್ದವು."

ನಾವು ಬನಶಂಕರಿ ಮುಟ್ಟುವ ಹೊತ್ತಿಗೆ ತೇರು ಎಳೆದು ಮುಗಿದಿತ್ತು.