ಕಾಲಳತೆಯ ಎಚ್‌ಟಿ-2ಕ್ಕೆ ಕಾಲು ಕಟ್ಟುವುದು

ಡಾ. ವಿ. ಎಂ. ಘಾಟಗೆ ಅವರ ತಂಡ ಬೆಂಗಳೂರಿನಲ್ಲಿ ವಿನ್ಯಾಸ ಮಾಡಿದ ಎಚ್‌ಟಿ-2 ತರಬೇತಿ ವಿಮಾನ ಮೊದಲು ಹಾರಿದ್ದು 1951ರ ಆಗಸ್ಟ್ 5ರಂದು. ಕೆಳರೆಕ್ಕೆ, ಬಾಲದಲ್ಲಿ ಪುಟ್ಟ ಚಕ್ರ, ಮುಂದೆ ಎರಡು ಒಂಟಿ ಕಾಲುಗಳು. ಕಾಲು ಮಡಚುವ ಯಂತ್ರದ ಗೋಜಿಲ್ಲ. ಹಾರಿಸುವ ದೊಡ್ಡ ಮಾದರಿಗೆ ಮೊದಲ ಸಲ ಸ್ವಂತ ಲ್ಯಾಂಡಿಂಗ್ ಗೇರ್, ಅಂದರೆ ವಿಮಾನ ನೆಲಕ್ಕಿಳಿಯುವ ಕಾಲು, ಮಾಡಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ವಿಮಾನ ನನಗೆ ತೋರುವುದಿಲ್ಲ.

ಮೂಲ ವಿಮಾನದ ರೆಕ್ಕೆಯ ಹರವು 10.72 ಮೀಟರ್. ನಾಲ್ಕನೇ ಒಂದರ ಅಳತೆಗೆ ಇಳಿಸಿದರೆ 2.68 ಮೀಟರ್. ಮಾದರಿಯ ಒಟ್ಟು ತೂಕ 12 ಕೆ.ಜಿ. ಎಂದು ಇಟ್ಟುಕೊಂಡು ಕೆಳಗಿನ ಲೆಕ್ಕವನ್ನೆಲ್ಲ ಮಾಡಿದ್ದೇನೆ. ನಿಮ್ಮದು 15 ಕೆ.ಜಿ. ಆದರೆ ಸ್ಪ್ರಿಂಗ್‌ನ ಅಂಕಿಗಳು ಬದಲಾಗುತ್ತವೆ, ಕ್ರಮ ಬದಲಾಗುವುದಿಲ್ಲ.

ಗಟ್ಟಿ ಕಾಲು ಮಾಡಿದರೆ ಸಾಕು ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಕಾಲು ಅಲುಗದಷ್ಟು ಗಟ್ಟಿಯಾದರೆ ಪೆಟ್ಟು ನೇರ ರೆಕ್ಕೆಗೆ ಹೋಗುತ್ತದೆ, ಒಳಗಿನ ಪ್ಲೈವುಡ್ ಸೀಳುತ್ತದೆ. ಪೆಟ್ಟು ಬಿದ್ದಾಗ ಯಾವುದು ಮೊದಲು ಸೋಲಬೇಕು, ಯಾವುದು ಆಮೇಲೆ ಎಂಬುದನ್ನು ನಾವೇ ಮೊದಲು ತೀರ್ಮಾನಿಸಬೇಕು. ಮೊದಲು ಸ್ಪ್ರಿಂಗ್ ಬಾಗಲಿ, ಅದು ಸಾಲದಿದ್ದರೆ ನೈಲಾನ್ ಬೋಲ್ಟ್ ಮುರಿಯಲಿ. ಆಮೇಲಷ್ಟೇ ಕಾಲಿನ ಕೊಳವೆ, ಎಲ್ಲಕ್ಕಿಂತ ಕೊನೆಗೆ ರೆಕ್ಕೆ.

ಎಷ್ಟು ಪೆಟ್ಟು?

ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಕೆಳಗಿಳಿದು ನೆಲ ಮುಟ್ಟಿದರೆ 12 ಕೆ.ಜಿ.ಯ ವಿಮಾನ 6 ಜೂಲ್ ಶಕ್ತಿ ಹೊತ್ತು ಬರುತ್ತದೆ, ಕಾಲಿಗೆ 3 ಜೂಲ್. ವೇಗ ಒಂದೂವರೆ ಮೀಟರ್ ಆದರೆ ಶಕ್ತಿ ಎರಡೂಕಾಲು ಪಟ್ಟಾಗುತ್ತದೆ. ಮೊದಲನೆಯದನ್ನು ಸ್ಪ್ರಿಂಗ್ ಪೂರ್ತಿ ನುಂಗಬೇಕು. ಎರಡನೆಯದರಲ್ಲಿ ಬೋಲ್ಟ್ ಹೋದರೂ ಪರವಾಗಿಲ್ಲ.

ನಿಂತಾಗ ಭಾರದಲ್ಲಿ ಸುಮಾರು ನೂರಕ್ಕೆ ತೊಂಬತ್ತು ಪಾಲು ಮುಂದಿನ ಎರಡು ಚಕ್ರಗಳ ಮೇಲಿರುತ್ತದೆ. ಅಂದರೆ ಒಂದೊಂದು ಕಾಲಿಗೆ 53 ನ್ಯೂಟನ್, ಹೆಚ್ಚುಕಡಿಮೆ ಐದೂವರೆ ಕೆ.ಜಿ. ತೊಡಕು ಇರುವುದು ಇಲ್ಲಿಯೇ. ಪೆಟ್ಟು ತಡೆಯುವಷ್ಟು ಬಿಗಿ ಸ್ಪ್ರಿಂಗ್ ಒಂದನ್ನೇ ಹಾಕಿದರೆ ವಿಮಾನ ನಿಂತಾಗ ಕಾಲು ಕುಗ್ಗುವುದೇ ಇಲ್ಲ, ಗೂಟದ ಮೇಲೆ ನಿಲ್ಲಿಸಿದಂತೆ ಕಾಣುತ್ತದೆ. ಮೆತ್ತಗಿನದನ್ನು ಹಾಕಿದರೆ ಮೊದಲ ಇಳಿತಕ್ಕೇ ತಳ ಕಾಣುತ್ತದೆ. ಆದ್ದರಿಂದ ಎರಡು ಸ್ಪ್ರಿಂಗ್‌ಗಳನ್ನು ಒಂದರ ಮೇಲೊಂದು ಕೂರಿಸಬೇಕು.

ಮೆತ್ತನೆಯದು: 1.8 ಮಿ.ಮೀ. ತಂತಿ, ಹೊರವ್ಯಾಸ 14.3, ಕೆಲಸ ಮಾಡುವ ಸುತ್ತು 13, ಬಿಡಿ ಉದ್ದ 43. ಇದು ಒಂದು ಮಿ.ಮೀ.ಗೆ 4 ನ್ಯೂಟನ್ ಕೊಡುತ್ತದೆ. ಬಿಗಿಯದು: 2.5 ಮಿ.ಮೀ. ತಂತಿ, ಹೊರವ್ಯಾಸ 14.5, ಸುತ್ತು 16, ಬಿಡಿ ಉದ್ದ 70. ಇದು ಮಿ.ಮೀ.ಗೆ 14 ನ್ಯೂಟನ್. ಎರಡನ್ನೂ ಸೇರಿಸಿ 105 ಮಿ.ಮೀ.ಗೆ ಒತ್ತಿ ಕೂರಿಸಿದರೆ 25 ನ್ಯೂಟನ್ ಮುನ್ನೊತ್ತಡ ಬರುತ್ತದೆ. ವಿಮಾನ ನಿಂತಾಗ ಕಾಲು 9 ಮಿ.ಮೀ. ಇಳಿಯುತ್ತದೆ, ನೋಡಲು ನಿಜದ ಓಲಿಯೋ (ಎಣ್ಣೆ, ಗಾಳಿ ತುಂಬಿದ) ಕಾಲಿನಂತೆಯೇ ಇರುತ್ತದೆ. 65 ನ್ಯೂಟನ್‌ಗೆ ಮೆತ್ತನೆಯದರ ಸುತ್ತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಅಲ್ಲಿಂದ ಮುಂದೆ ಬಿಗಿಯದೊಂದೇ ಕೆಲಸ ಮಾಡುತ್ತದೆ. 30 ಮಿ.ಮೀ. ಪೂರ್ತಿ ಕುಗ್ಗುವಾಗ 305 ನ್ಯೂಟನ್. ಅಷ್ಟರಲ್ಲಿ ಒಂದು ಕಾಲು ಸುಮಾರು 3.7 ಜೂಲ್ ನುಂಗಿರುತ್ತದೆ.

ಸ್ಪ್ರಿಂಗ್ ಮಾಡುವವರಿಗೆ ಕೊಡುವ ಚೀಟಿಯಲ್ಲಿ ತಂತಿಯ ದಪ್ಪ, ಹೊರವ್ಯಾಸ, ಕೆಲಸ ಮಾಡುವ ಸುತ್ತು, ಬಿಡಿ ಉದ್ದ, ಇವಿಷ್ಟರ ಜೊತೆಗೆ ‘ಎರಡೂ ತುದಿ ಮುಚ್ಚಿ ಗ್ರೈಂಡ್ ಮಾಡಿ’ ಎಂದು ತಪ್ಪದೆ ಬರೆಯಿರಿ. ತುದಿ ಗ್ರೈಂಡ್ ಆಗದಿದ್ದರೆ ಸ್ಪ್ರಿಂಗ್ ಓರೆಯಾಗಿ ಕೂತು ಕೊಳವೆಯ ಗೋಡೆಯನ್ನು ಕೆರೆಯುತ್ತದೆ. ಒತ್ತಿದಾಗ ಸ್ಪ್ರಿಂಗ್ ತುಸು ಅಗಲವಾಗುವುದರಿಂದ 16 ಮಿ.ಮೀ. ಒಳವ್ಯಾಸಕ್ಕೆ 15.5ರ ಸ್ಪ್ರಿಂಗ್ ತರಬೇಡಿ. ಎರಡರ ನಡುವೆ 3 ಮಿ.ಮೀ. ದಪ್ಪದ ನೈಲಾನ್ ಬಿಲ್ಲೆ ಇರಲೇಬೇಕು. ಇಲ್ಲವಾದರೆ ಒಂದರ ತುದಿ ಇನ್ನೊಂದರ ಸುತ್ತಿನೊಳಗೆ ನುಗ್ಗುತ್ತದೆ.

ಕೊಳವೆ ಮತ್ತು ರಾಡು

ಹೊರಗಿನ ಕೊಳವೆ 6061-ಟಿ6 ಅಲ್ಯೂಮಿನಿಯಂ, ಹೊರವ್ಯಾಸ 20, ಒಳವ್ಯಾಸ 16, ಉದ್ದ 185 ಮಿ.ಮೀ. ಇದರಲ್ಲಿ 50 ಮಿ.ಮೀ. ರೆಕ್ಕೆಯೊಳಗೆ, ಉಳಿದದ್ದು ಕೆಳಗೆ. ಬೆಂಗಳೂರಿನವರಿಗೆ ಎಸ್‌ಪಿ ರೋಡಿನಲ್ಲಿ ತುಂಡು ಮಾಲು ಸಿಗುತ್ತದೆ, ಆದರೆ ದರ್ಜೆ ಕೇಳಿ ತನ್ನಿ. ಕಿಟಕಿ ಚೌಕಟ್ಟಿಗೆ ಬಳಸುವ 6063 ನೋಡಲು ಹಾಗೆಯೇ ಇರುತ್ತದೆ, ಬಲದಲ್ಲಿ ಕಡಿಮೆ. ಕೊಳವೆಯ ಒಳಮೈಯನ್ನು ರೀಮರ್‌ನಿಂದಲೋ ಹೋನ್ ಮಾಡಿಸಿಯೋ ನುಣುಪಾಗಿಸಬೇಕು. ಎಳೆದು ಮಾಡಿದ ಕೊಳವೆಯಲ್ಲಿ ಉದ್ದುದ್ದ ಗೀರುಗಳಿರುತ್ತವೆ, ಅವು ಒಳಗೆ ಜಾರುವ ಓ-ರಿಂಗನ್ನು (ಗಾಳಿ ಸೋರದಂತೆ ತಡೆಯುವ ರಬ್ಬರ್ ಉಂಗುರ) ಒಂದೇ ದಿನದಲ್ಲಿ ತಿಂದುಹಾಕುತ್ತವೆ.

ಒಳಗಿನ ರಾಡು 12 ಮಿ.ಮೀ. ಇಎನ್8 ಉಕ್ಕಿನ ಗ್ರೌಂಡ್ ರಾಡ್, ಉದ್ದ 125. ಸಿಎನ್‌ಸಿ ಯಂತ್ರಗಳಿಗೆ ಮಾರುವ ಹೊಳೆಯುವ ಲೀನಿಯರ್ ಶಾಫ್ಟ್ ನೋಡಿದರೆ ಆಸೆಯಾಗುತ್ತದೆ. ಅದರ ಮೇಲ್ಮೈ ಹದಗೊಂಡಿರುವುದರಿಂದ ಸಾಮಾನ್ಯ ಡ್ರಿಲ್ ಬಿಟ್ ಅದರ ಮೇಲೆ ಜಾರುತ್ತದೆ, ಪಿನ್ನಿನ ತೂತು ಕೊರೆಯಲು ಕಾರ್ಬೈಡ್ ಬೇಕು. ಆ ಅನುಕೂಲ ಇಲ್ಲದಿದ್ದರೆ ತೆಗೆದುಕೊಳ್ಳಬೇಡಿ.

ರಾಡಿನ ಮೇಲ್ತುದಿಗೆ 12 ಮಿ.ಮೀ. ಎತ್ತರದ ಗನ್‌ಮೆಟಲ್ (ಒಂದು ಬಗೆಯ ಕಂಚು) ತಲೆ, ಕೊಳವೆಯ ಕೆಳತುದಿಗೆ 20 ಮಿ.ಮೀ. ಉದ್ದದ ಗನ್‌ಮೆಟಲ್ ಬುಷ್, ಅಂದರೆ ರಾಡು ಜಾರುವ ಬಳೆ. ಕಾಲು ಪೂರ್ತಿ ಚಾಚಿದಾಗ ಇವೆರಡರ ನಡುವೆ ಕನಿಷ್ಠ 30 ಮಿ.ಮೀ. ಅಂತರ ಇರಲಿ. ಜಾಗ ಉಳಿಸಲು ಇದನ್ನು ಕಡಿಮೆ ಮಾಡುವುದೇ ಎಲ್ಲಕ್ಕಿಂತ ದುಬಾರಿ ತಪ್ಪು. ಚಕ್ರ ರಾಡಿನ ನೇರಕ್ಕಿಲ್ಲ, 30 ಮಿ.ಮೀ. ಪಕ್ಕಕ್ಕಿದೆ. ನೆಲ ಮೇಲಕ್ಕೆ ಒತ್ತಿದಾಗ ರಾಡು ಓರೆಯಾಗಲು ನೋಡುತ್ತದೆ, ಎರಡು ಬುಷ್‌ಗಳು (ತಲೆಯೂ ಒಂದು ಬುಷ್‌ನಂತೆಯೇ) ಅದನ್ನು ಆಚೀಚೆ ಹಿಡಿಯುತ್ತವೆ. ಅಂತರ 30 ಇದ್ದರೆ ಒಂದೊಂದು ಬುಷ್ ಮೇಲಿನ ಅಡ್ಡ ಒತ್ತಡ ಚಕ್ರದ ಮೇಲಿನ ಭಾರದಷ್ಟೇ ಆಗುತ್ತದೆ. 15ಕ್ಕೆ ಇಳಿಸಿದರೆ ಅದರ ಎರಡು ಪಟ್ಟು. ಘರ್ಷಣೆಯ ಗುಣಾಂಕ 0.15 ಎಂದು ಹಿಡಿದರೆ ಮೊದಲನೆಯದರಲ್ಲಿ ಭಾರದ ನೂರಕ್ಕೆ ಮೂವತ್ತು ಪಾಲು ಉಜ್ಜಾಟದಲ್ಲೇ ಹೋಗುತ್ತದೆ, ಎರಡನೆಯದರಲ್ಲಿ ಅರವತ್ತು. ಕೈಯಲ್ಲಿ ನೇರ ಒತ್ತಿದಾಗ ಬೆಣ್ಣೆಯಂತೆ ಜಾರುವ ಕಾಲು ನೆಲಕ್ಕೆ ತಾಗಿದಾಗ ಕಚ್ಚಿಕೊಂಡು ನಿಲ್ಲುವುದು ಇದರಿಂದಲೇ. ಆದ್ದರಿಂದ ರಾಡನ್ನು ಒತ್ತಿ ಪರೀಕ್ಷಿಸಬೇಡಿ. ಚಕ್ರ ಹಾಕಿ, ಚಕ್ರವನ್ನೇ ಒತ್ತಿ ನೋಡಿ.

ಬುಷ್‌ಗೂ ರಾಡಿಗೂ ನಡುವೆ 0.03ರಿಂದ 0.05 ಮಿ.ಮೀ. ಸಡಿಲ ಸಾಕು. ಅದಕ್ಕಿಂತ ಬಿಗಿಯಾದರೆ ಒಂದು ಕಣ ಕೆಮ್ಮಣ್ಣು ಹೊಕ್ಕರೂ ಸಿಕ್ಕಿಕೊಳ್ಳುತ್ತದೆ. 0.1 ದಾಟಿದರೆ ಚಕ್ರ ಕುಣಿಯುತ್ತದೆ. ಬುಷ್‌ನ ಕೆಳಬಾಯಿಯಲ್ಲಿ ಎಣ್ಣೆಯಲ್ಲಿ ನೆನೆಸಿದ 2 ಮಿ.ಮೀ. ಫೆಲ್ಟ್ ಉಂಗುರ ಕೂರಿಸಿದರೆ ಧೂಳು ಹೊರಗೇ ನಿಲ್ಲುತ್ತದೆ. ನಮ್ಮ ಮೈದಾನಗಳಲ್ಲಿ ಹಾರಿಸುವವರು ಇದನ್ನು ಬಿಡಬಾರದು.

ಕೊಳವೆಗೆ ಏನನ್ನೂ ವೆಲ್ಡ್ ಮಾಡಬೇಡಿ. 6061-ಟಿ6ಗೆ ಬೆಂಕಿ ತಾಗಿದ ಜಾಗದಲ್ಲಿ ಹದ ಹೋಗಿ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಮುಂದೆ ಬಾಗುವುದು ಆ ವೆಲ್ಡಿನ ಪಕ್ಕದಲ್ಲೇ. ಕೊಳವೆಯ ಮೇಲ್ತುದಿಯ 15 ಮಿ.ಮೀ. ಮುಚ್ಚಳಕ್ಕೆ ಲಾಕ್‌ಟೈಟ್ 638 ಅಂಟು ಹಚ್ಚಿ, ಮೇಲಿಂದ 3 ಮಿ.ಮೀ. ಅಡ್ಡ ಪಿನ್ ಹೊಡೆಯಿರಿ. ಕೆಳಗಿನ ಬುಷ್‌ಗೆ ಮಾತ್ರ ಅಂಟು ಬೇಡ, ಮೂರು ಎಂ3 ಸ್ಕ್ರೂ ಹಾಕಿ. ಸ್ಪ್ರಿಂಗ್ ಬದಲಿಸಲು ಅದು ಬಿಚ್ಚಿ ಬರಬೇಕು.

ನೆಗೆತ

ಬರೀ ಸ್ಪ್ರಿಂಗ್ ನುಂಗಿದ್ದನ್ನೆಲ್ಲ ಹಿಂದಕ್ಕೆ ಕೊಡುತ್ತದೆ, ವಿಮಾನ ಕಪ್ಪೆಯಂತೆ ಕುಪ್ಪಳಿಸುತ್ತದೆ. ಎಣ್ಣೆ ತುಂಬಿದ ಡ್ಯಾಂಪರ್ ಮಾಡಲು ಹೊರಡುವವರಿದ್ದಾರೆ. 16 ಮಿ.ಮೀ. ಕೊಳವೆಯಲ್ಲಿ ಸೋರದಂತೆ ಮಾಡಬೇಕಾದರೆ ಸೀಲ್ ಬಿಗಿಯಾಗಬೇಕು, ಸೀಲ್ ಬಿಗಿಯಾದರೆ ಕಾಲು ಮತ್ತೆ ಕಚ್ಚುತ್ತದೆ. ಗಾಳಿಯೇ ಸಾಕು. ತಲೆಗೆ ಒಂದು ಓ-ರಿಂಗ್ ಹಾಕಿ, ಮೇಲಿನ ಮುಚ್ಚಳದಲ್ಲಿ 1 ಮಿ.ಮೀ. ತೂತು ಕೊರೆಯಿರಿ. ಒತ್ತಿ ಬಿಟ್ಟಾಗ ಕಾಲು ತೆವಳುತ್ತಾ ವಾಪಸು ಬಂದರೆ ತೂತನ್ನು 1.5ಕ್ಕೆ ದೊಡ್ಡದು ಮಾಡಿ. ಟಣ್ಣೆಂದು ಹೊಡೆದರೆ ಓ-ರಿಂಗ್ ಸೋರುತ್ತಿದೆ ಎಂದರ್ಥ. ಬುಷ್‌ನ ಮೇಲೆ, ರಾಡಿನ ಸುತ್ತ 2 ಮಿ.ಮೀ. ರಬ್ಬರ್ ವಾಷರ್ ಇಟ್ಟರೆ ವಿಮಾನ ನೆಲ ಬಿಡುವಾಗ ತಲೆ ಬುಷ್‌ಗೆ ಕುಟ್ಟುವುದಿಲ್ಲ. ಆ 2 ಮಿ.ಮೀ. ಬೇಕಾಗುವುದರಿಂದ ರಾಡನ್ನೂ ಕೊಳವೆಯನ್ನೂ ಅಷ್ಟು ಉದ್ದ ಕತ್ತರಿಸಿಕೊಳ್ಳಿ.

ಅಚ್ಚು

ರಾಡಿನ ಕೆಳಗೆ 20×25×30ರ 6061 ಗಟ್ಟಿ. ರಾಡು ಮೇಲಿಂದ 16 ಮಿ.ಮೀ. ಇಳಿಯುತ್ತದೆ. ಚಕ್ರ ತಿರುಗುವ ಅಚ್ಚಿನ (ಆಕ್ಸಲ್) 8 ಮಿ.ಮೀ. ತೂತಿನ ನಡುಗೆರೆ ಮೇಲಿಂದ 22ಕ್ಕೆ. ರಾಡಿಗೆ ಮರೆ (ಥ್ರೆಡ್) ಕತ್ತರಿಸಿ ತಿರುಗಿಸಿ ಕೂರಿಸುವುದಕ್ಕಿಂತ ಪೂರ್ತಿ ದಪ್ಪವನ್ನೇ ಇಳಿಸಿ 638 ಹಚ್ಚಿ 4 ಮಿ.ಮೀ. ಪಿನ್ ಹಾಕುವುದು ಮೇಲು. ಮರೆಯ ಬೇರಿನಲ್ಲೇ ರಾಡುಗಳು ಮುರಿಯುವುದು.

ಅಚ್ಚು 8 ಮಿ.ಮೀ. ಏಕೆ? ಪೂರ್ತಿ ಭಾರದ 305 ನ್ಯೂಟನ್ 30 ಮಿ.ಮೀ. ದೂರದಲ್ಲಿ ಒತ್ತಿದಾಗ 8 ಮಿ.ಮೀ. ಅಚ್ಚಿನಲ್ಲಿ 180 ಮೆಗಾಪ್ಯಾಸ್ಕಲ್ ಒತ್ತಡ ಹುಟ್ಟುತ್ತದೆ, 6 ಮಿ.ಮೀ.ದರಲ್ಲಿ 430. ಸಾಧಾರಣ ಮೈಲ್ಡ್ ಸ್ಟೀಲ್ 250ರ ಸುಮಾರಿಗೆ ಬಾಗುತ್ತದೆ. ಮೈದಾನದಲ್ಲಿ ಚಕ್ರಗಳು ಮೇಲುಗಡೆ ಹೊರಕ್ಕೋ ಒಳಕ್ಕೋ ವಾಲಿ ನಿಂತ ಮಾದರಿಗಳಲ್ಲಿ ಹೆಚ್ಚಿನವುಗಳ ಕತೆ ಇದೇ. ಹದ ಮಾಡಿದ ಇಎನ್24 ಉಕ್ಕು ಸಿಕ್ಕರೆ ಚಿಂತೆಯೇ ಇಲ್ಲ. ಅದನ್ನು ಬ್ರೇಜ್ ಮಾಡಲು ಹೋಗಬೇಡಿ, ಹದ ಇಳಿಯುತ್ತದೆ. ಅಚ್ಚಿನ ಒಂದು ಬದಿ ಅರದಿಂದ ಚಪ್ಪಟೆ ಮಾಡಿ ಎಂ4 ಗ್ರಬ್ ಸ್ಕ್ರೂನಿಂದ ಹಿಡಿಸಿ.

ಕತ್ತರಿ

ರಾಡು ತಿರುಗದಂತೆ ತಡೆಯುವುದು ಕೊಳವೆಗೂ ಕೆಳಗಿನ ಗಟ್ಟಿಗೂ ನಡುವೆ ಮಡಚಿಕೊಳ್ಳುವ ಕತ್ತರಿ ಲಿಂಕ್. 3 ಮಿ.ಮೀ. ತಗಡಿನಿಂದ ಎರಡು ತ್ರಿಕೋನ, ಕೀಲಿಗೆ 3 ಮಿ.ಮೀ. ಪಿನ್. ಕೀಲಿನ ಅಗಲವನ್ನು ಕನಿಷ್ಠ 20 ಮಿ.ಮೀ. ಇಡಿ. ಅಷ್ಟು ಅಗಲದಲ್ಲಿ ಪಿನ್ನಿನ ಲೂಸು 0.2 ಮಿ.ಮೀ. ಇದ್ದರೆ ಚಕ್ರ ಅರ್ಧ ಡಿಗ್ರಿಗೂ ಮೀರಿ ತಿರುಗುತ್ತದೆ, ಮೂರೂ ಕೀಲುಗಳದ್ದು ಸೇರಿದರೆ ವೇಗದಲ್ಲಿ ಗಡಗಡ ನಡುಗುತ್ತದೆ. ತೂತನ್ನು 2.9ಕ್ಕೆ ಕೊರೆದು 3ಕ್ಕೆ ರೀಮ್ ಮಾಡಿ. ಕಾಲು ಪೂರ್ತಿ ಚಾಚಿದಾಗಲೂ ಎರಡು ತೋಳುಗಳ ನಡುವಿನ ಕೋನ 150 ಡಿಗ್ರಿ ಮೀರಬಾರದು. ನೆಟ್ಟಗಾದ ಕತ್ತರಿ ಮಡಚುವ ಬದಲು ಅಡ್ಡ ನಿಂತು ತನ್ನ ಕಿವಿಯನ್ನೇ ಕಿತ್ತುಕೊಳ್ಳುತ್ತದೆ. ಕತ್ತರಿಯ ಆಕಾರ ಮಾತ್ರ ಫೋಟೋ ನೋಡಿಯೇ ಬರಬೇಕು. ಬೆಂಗಳೂರಿನ ಎಚ್‌ಎಎಲ್ ಸಂಗ್ರಹಾಲಯದಲ್ಲಿ ಎಚ್‌ಟಿ-2 ಇದೆ. ಚಕ್ರದ ವ್ಯಾಸಕ್ಕೂ ಅದೇ ಆಧಾರ.

ರೆಕ್ಕೆಗೆ ಜೋಡಣೆ

4 ಮಿ.ಮೀ. ದಪ್ಪದ 70×60 ಅಲ್ಯೂಮಿನಿಯಂ ತಟ್ಟೆ, ಅದಕ್ಕೆ ಕೆಳಗಿಂದ ಬೋಲ್ಟ್ ಮಾಡಿದ ಸೀಳು ಕ್ಲ್ಯಾಂಪ್, ಕ್ಲ್ಯಾಂಪಿನೊಳಗೆ ಕೊಳವೆ. ತಟ್ಟೆ ಕೂರುವ 6 ಮಿ.ಮೀ. ಬರ್ಚ್ ಪ್ಲೈ ಮುಖ್ಯ ಸ್ಪಾರ್‌ಗೂ (ರೆಕ್ಕೆಯ ಉದ್ದದ ತೊಲೆ) ಎರಡು ಪಕ್ಕದ ರಿಬ್‌ಗಳಿಗೂ (ಅಡ್ಡ ಪಟ್ಟಿಗಳು) ನಿಧಾನವಾಗಿ ಒಣಗುವ ಎಪಾಕ್ಸಿಯಿಂದ ಅಂಟಿರಬೇಕು. ಐದು ನಿಮಿಷದ ಎಪಾಕ್ಸಿ ಈ ಜಾಗಕ್ಕಲ್ಲ.

ಹುಲ್ಲಿನಲ್ಲಿ ಚಕ್ರ ಹಿಂದಕ್ಕೆ ಎಳೆದಾಗ ತಟ್ಟೆಯ ಮುಂಬದಿ ರೆಕ್ಕೆಯಿಂದ ಕಿತ್ತು ಬರಲು ನೋಡುತ್ತದೆ, ಹಿಂಬದಿ ಒತ್ತುತ್ತದೆ. ಹಾಗಾಗಿ ಮುಂದೆ ಎರಡು ಎಂ5 ನೈಲಾನ್ ಬೋಲ್ಟ್, ಹಿಂದೆ ಎರಡು ಎಂ5 ಉಕ್ಕಿನವು, ನಡುವಿನ ಅಂತರ 50 ಮಿ.ಮೀ. ಕೆಳಮುಖ ಭಾರದ ಅರ್ಧದಷ್ಟು ಎಳೆತ, ಅಂದರೆ 150 ನ್ಯೂಟನ್, 200 ಮಿ.ಮೀ. ಕೆಳಗಿನ ಅಚ್ಚಿನಲ್ಲಿ ಬಿದ್ದರೆ ಒಂದೊಂದು ನೈಲಾನ್ ಬೋಲ್ಟಿಗೆ 300 ನ್ಯೂಟನ್ ಬರುತ್ತದೆ. ಅದು ಮುರಿಯುವುದು 850ರ ಆಸುಪಾಸು. ಅಷ್ಟು ಹೊತ್ತಿಗೆ ಕೊಳವೆ ತನ್ನ ಬಾಗುವ ಮಿತಿಯ ಮೂರನೇ ಎರಡು ಪಾಲಿನಷ್ಟೇ ಹೊತ್ತಿರುತ್ತದೆ. ಎಂ6 ಹಾಕಿದಿರೋ, ಬೋಲ್ಟೂ ಕೊಳವೆಯೂ ಹೆಚ್ಚುಕಡಿಮೆ ಒಟ್ಟಿಗೇ ಸೋಲುತ್ತವೆ, ಇಷ್ಟು ಲೆಕ್ಕ ಹಾಕಿದ್ದೂ ವ್ಯರ್ಥ. ನೈಲಾನಿನ ಗುಣ ತಯಾರಕರಿಂದ ತಯಾರಕರಿಗೆ ಬೇರೆಯಾಗುವುದರಿಂದ ತಂದ ಪೊಟ್ಟಣದಲ್ಲಿ ಒಂದನ್ನು ತೂಕ ನೇತುಹಾಕಿ ಮುರಿದು ನೋಡಿ. ಬೋಲ್ಟ್ ಮುರಿದಾಗ ಕೊಳವೆಯ ಮೇಲ್ತುದಿ ಮುಂದಕ್ಕೆ ವಾಲುತ್ತದೆ. ರೆಕ್ಕೆಯೊಳಗೆ ಅದರ ಮುಂದೆ ಖಾಲಿ ಜಾಗ ಬಿಟ್ಟಿರದಿದ್ದರೆ ಸ್ಪಾರ್‌ಗೆ ಗುದ್ದುತ್ತದೆ.

ಎರಡೂ ಚಕ್ರಗಳು ನೇರ ಮುಂದಕ್ಕೆ ನೋಡುವಂತೆ ಉದ್ದನೆಯ ಅಲ್ಯೂಮಿನಿಯಂ ಪಟ್ಟಿ ಹಿಡಿದು ಕ್ಲ್ಯಾಂಪ್ ಬಿಗಿ ಮಾಡಿ. ಎಡಬಲದಲ್ಲಿ ವ್ಯತ್ಯಾಸ ಇದ್ದರೆ ಓಟದಲ್ಲಿ ವಿಮಾನ ಒಂದೇ ಕಡೆಗೆ ಎಳೆಯುತ್ತದೆ. ಚಕ್ರ ಸಮೇತ ಒಂದು ಕಾಲು 560 ಗ್ರಾಂ ಒಳಗೆ ಬರಬೇಕು.

ಬೀಳಿಸಿ ನೋಡುವುದು

ಒಂದು ಕಾಲನ್ನು ಹಲಗೆಗೆ ಕಟ್ಟಿ, ಒಟ್ಟು 6 ಕೆ.ಜಿ. ಆಗುವಂತೆ ತೂಕ ಹೇರಿ, ನೇರ ಜಾರುವ ಹಳಿಯಲ್ಲಿ ಬೀಳಿಸಿ. ಸೆಕೆಂಡಿಗೆ 1 ಮೀಟರ್ ವೇಗಕ್ಕೆ 51 ಮಿ.ಮೀ. ಎತ್ತರ ಎಂದು ಸೂತ್ರ ಹೇಳುತ್ತದೆ. ಆದರೆ ಆಕಾಶದಿಂದ ಇಳಿಯುವ ವಿಮಾನದ ಭಾರವನ್ನು ಇನ್ನೂ ರೆಕ್ಕೆ ಹೊತ್ತಿರುತ್ತದೆ. ಹಲಗೆಗೆ ರೆಕ್ಕೆಯಿಲ್ಲ, ಕಾಲು ಕುಗ್ಗುವ ಉದ್ದಕ್ಕೂ ಭಾರ ಒತ್ತುತ್ತಲೇ ಇರುತ್ತದೆ. ಅದನ್ನು ಕಳೆದರೆ 25 ಮಿ.ಮೀ.ನಿಂದ ಬೀಳಿಸಿದರೆ ಸಾಕು. 51ರಿಂದ ಬೀಳಿಸಿ, ತಳ ಬಡಿಯಿತೆಂದು ಬಿಗಿ ಸ್ಪ್ರಿಂಗ್ ತಂದರೆ ಒಳ್ಳೆಯ ಕಾಲನ್ನು ಕೈಯಾರೆ ಕೆಡಿಸಿದಂತೆ.

ಬೀಳಿಸುವ ಮೊದಲು ರಾಡಿಗೆ ತೆಳುವಾಗಿ ಗ್ರೀಸ್ ಹಚ್ಚಿ, ಬುಷ್‌ಗೆ ತಾಗುವಂತೆ ಒಂದು ದಾರದ ಗಂಟು ಕಟ್ಟಿ. ಕಾಲು ಕುಗ್ಗಿದಾಗ ಬುಷ್ ಗಂಟನ್ನು ಕೆಳಕ್ಕೆ ತಳ್ಳುತ್ತದೆ, ವಾಪಸು ಬಂದ ಮೇಲೆ ಗಂಟು ಅಲ್ಲೇ ಉಳಿಯುತ್ತದೆ. ಬುಷ್‌ನಿಂದ ಗಂಟಿನವರೆಗೆ 27–28 ಮಿ.ಮೀ. ಸಿಕ್ಕರೆ ಲೆಕ್ಕ ಸರಿ. 20 ಮಾತ್ರ ಸಿಕ್ಕರೆ ಬುಷ್ ಕಚ್ಚುತ್ತಿದೆ ಅಥವಾ ಗಾಳಿಯ ತೂತು ಕಿರಿದಾಗಿದೆ. ಹತ್ತು ಸಲ ಬೀಳಿಸಿ ರಾಡನ್ನು ಬಿಚ್ಚಿ ಬೆಳಕಿಗೆ ಹಿಡಿಯಿರಿ. ಸುತ್ತಲೂ ಸಮನಾದ ಮಬ್ಬು ಬುಷ್ ಹೊಂದಿಕೊಂಡದ್ದರ ಗುರುತು. ಚಕ್ರದ ಬದಿಯಲ್ಲೋ ಅದರ ಎದುರು ಬದಿಯಲ್ಲೋ ಒಂದೇ ಕಡೆ ಹೊಳೆಯುವ ಪಟ್ಟೆ ಎದ್ದಿದ್ದರೆ ಬುಷ್‌ನ ಅಂಚು ರಾಡನ್ನು ಕೊರೆಯುತ್ತಿದೆ. ಬುಷ್‌ನ ಎರಡೂ ಬಾಯಿಯ ಅಂಚನ್ನು ಅರ್ಧ ಮಿ.ಮೀ. ದುಂಡಗೆ ಮಾಡಿ, ಮತ್ತೆ ಹತ್ತು ಸಲ ಬೀಳಿಸಿ.