ಹಳೆಯದು ಯಾವುದು?

ಕಳೆದ ಭಾನುವಾರ ಜರ್ಮನಿಯ ಕಾನ್‌ಸ್ಟನ್ಸ್ ಸರೋವರದ ದಡದಲ್ಲಿರುವ ಉಂಟರುಲ್ಡಿಂಗೆನ್‌ನ ಬಯಲು ವಸ್ತುಸಂಗ್ರಹಾಲಯಕ್ಕೆ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ನೀರಿನಲ್ಲಿ ಕಂಬ ನೆಟ್ಟು ಕಟ್ಟಿದ, ಜೊಂಡು ಹೊದಿಸಿದ ಮನೆಗಳ ನಡುವೆ ಅರ್ಧ ಗಂಟೆ ಸುತ್ತಿದ ಮೇಲೆ ಅಮ್ಮ, ‘ಇದರಲ್ಲಿ ಹಳೆಯದು ಯಾವುದೋ?’ ಎಂದು ಕೇಳಿದಳು. ಮುಜುಗರದಿಂದಲೇ ಅದನ್ನು ಮಾರ್ಗದರ್ಶಿಗೆ ಜರ್ಮನ್‌ನಲ್ಲಿ ಹೇಳಿದೆ. ಆಕೆ ನಗಲಿಲ್ಲ, ನೀರಿನತ್ತ ಕೈ ತೋರಿಸಿ, ‘ಹಳೆಯದು ಅಲ್ಲಿ, ಕೆಳಗೆ’ ಎಂದರು.

ಟಿಕೆಟ್ ಕೊಂಡು ಬಂದವರಿಗೆ ಹಾಗೆ ಹೇಳುವುದಕ್ಕೆ ಎದೆಗಾರಿಕೆ ಬೇಕು. ನಮ್ಮ ಕಡೆಯ ಕೆಲವು ಗೈಡುಗಳಾಗಿದ್ದರೆ ಯಾವುದಾದರೊಂದು ಕಂಬಕ್ಕೆ ಐದು ಸಾವಿರ ವರ್ಷ ಕಟ್ಟಿಬಿಡುತ್ತಿದ್ದರು. ಇಲ್ಲಿನ ಮೊದಲ ಎರಡು ಮನೆಗಳನ್ನು ಕಟ್ಟಿದ್ದೇ 1922ರಲ್ಲಿ. ಇವುಗಳಿಗೆ ಮಾದರಿಯಾದ, ಸಾವಿರಾರು ವರ್ಷ ಹಿಂದಿನ ಅಸಲು ಊರಿನ ಕಂಬದ ಬುಡಗಳು ಎದುರಿನ ನೀರಿನಡಿ ಕೆಸರಿನಲ್ಲಿವೆ. ಆಲ್ಪ್ಸ್ ಸುತ್ತಲಿನ ಆರು ದೇಶಗಳ 111 ನೆಲೆಗಳನ್ನು ಯುನೆಸ್ಕೋ 2011ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಅದೂ ಸೇರಿತು.

ಆ ಕೈ ತೋರಿಸಿದ ಕ್ಷಣವೇ ವಾರವೆಲ್ಲ ಕಣ್ಣ ಮುಂದೆ ಬರುತ್ತಿದೆ. 1853–54ರ ಚಳಿಗಾಲದಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಸರೋವರದ ನೀರು ಇಳಿದು ಓಬರ್‌ಮೈಲೆನ್‌ನಲ್ಲಿ ಕಂಬಗಳು ಕಂಡಾಗ, ನೀರಿನ ಮೇಲಿನ ಅಟ್ಟದಲ್ಲಿ ಇಡೀ ಊರು ನಿಂತಿತ್ತೆಂದು ಪುರಾತತ್ತ್ವಜ್ಞ ಫರ್ಡಿನಾಂಡ್ ಕೆಲ್ಲರ್ ಬಗೆದರು. ಎಷ್ಟೋ ಮನೆಗಳು ನಿಂತಿದ್ದದ್ದು ದಡದ ಹಸಿನೆಲದಲ್ಲಿ, ನೀರು ಅವುಗಳಡಿಗೆ ಬರುತ್ತಿದ್ದದ್ದು ಸರೋವರ ಉಕ್ಕಿದಾಗ ಎಂಬುದು ಮುಂದಿನ ಉತ್ಖನನಗಳಿಂದ ತಿಳಿಯಿತು. ಆದರೂ ನನ್ನಂಥವರ ಮನಸ್ಸಿನಲ್ಲಿ ಉಳಿದಿರುವುದು ಕೆಲ್ಲರ್ ಅವರ ಚಿತ್ರವೇ.

ಮರ ಏಕೆ ಕೊಳೆಯಲಿಲ್ಲವೆಂದು ವಿವರಿಸಲು ಹೊರಟರೆ ಅಮ್ಮ ನಡುವೆಯೇ ತಡೆದಳು. ‘ಅಜ್ಜ ಬಾವಿಗೆ ಹಾಕಿಸಿದ ನೆಲ್ಲಿಯ ಕೊರಡು ಇನ್ನೂ ಹಾಗೇ ಇಲ್ಲವೇನೋ? ಬೇಲಿಯ ಗೂಟವಾದರೆ ಎರಡೇ ಮಳೆಗಾಲ.’ ಗಾಳಿಯಾಡದ ಕೆಸರಿನ ಬಗ್ಗೆ ನಾನು ಓದಿಕೊಂಡಿದ್ದೆಲ್ಲ ಅದರಲ್ಲೇ ಮುಗಿದಿತ್ತು. ಹಾಗೆ ಉಳಿದ ಮರದ ಬೆಳವಣಿಗೆಯ ಉಂಗುರಗಳನ್ನು ಎಣಿಸಿಯೇ, ಇದೇ ಕಾನ್‌ಸ್ಟನ್ಸ್ ಸರೋವರದ ದಡದ ಆರ್ಬೋನ್‌ನಲ್ಲಿದ್ದ ಒಂದು ಊರಿಗೆ ಕ್ರಿ.ಪೂ. 3384ರಲ್ಲಿ ಮರ ಕಡಿದರೆಂದೂ, ಸುಮಾರು 15 ವರ್ಷಗಳಲ್ಲಿ ಅದು ಬೆಂಕಿಗೆ ಆಹುತಿಯಾಯಿತೆಂದೂ ಹೇಳುತ್ತಾರೆ. ಹದಿನೈದೇ ವರ್ಷ ಬಾಳಿದ ಊರಿನ ಕಂಬಗಳು ಐದು ಸಾವಿರ ವರ್ಷ ದಾಟಿವೆ.

ಅಲೆಗಳು ಕೆಸರನ್ನು ಕೊರೆದು ಕಂಬಗಳನ್ನು ಬಯಲು ಮಾಡುತ್ತಿರುವುದರಿಂದ ಕೆಲವು ಕಡೆ ಜಲ್ಲಿ ಹರಡಿ ಮುಚ್ಚುತ್ತಾರೆಂದು ಮಾರ್ಗದರ್ಶಿ ಹೇಳುತ್ತಿದ್ದಾಗಲೇ ಮೋಟಾರು ದೋಣಿಯೊಂದು ದೂರದಲ್ಲಿ ಹಾದುಹೋಯಿತು. ಅದರ ಅಲೆ ನಮ್ಮ ಕಾಲಡಿಯ ಕಂಬಗಳಿಗೆ ಬಂದು ಬಡಿಯುವವರೆಗೂ ಅಮ್ಮ ನೋಡುತ್ತಲೇ ನಿಂತಿದ್ದಳು.

‘ಅವನು ಸ್ವಲ್ಪ ಮೆಲ್ಲಗೆ ಹೋಗಬಾರದೇ?’ ಎಂದಳು.