ರೆಕ್ಕೆ ಎಲ್ಲಿಂದ ಶುರುವಾಗುತ್ತೆ?

ಪಕ್ಕದ ಮನೆಯ ಹುಡುಗ ಬಂದಾಗಲೆಲ್ಲ ನಾನು ಬರೆದ ಚಿತ್ರ ನೋಡಿ ಕೇಳುತ್ತಾನೆ, "ಆಂಟಿ, ಈ ಡ್ರ್ಯಾಗನ್ ಎಲ್ಲಿ ನೋಡಿದ್ರಿ?" ಆಫೀಸಿನಲ್ಲಿ ಕೇಳುತ್ತಾರೆ, "ಇಲ್ಲದೇ ಇರೋ ಪ್ರಾಣೀನ ನೋಡದೇ ಹೇಗೆ ಬರೀತೀರಿ?" ಡಿಸೆಂಬರ್ ಬಂತು ಅಂದರೆ ಇನ್ನೊಂದು ಪ್ರಶ್ನೆ ಜೊತೆಗೆ ಸೇರುತ್ತದೆ. "ಈ ವರ್ಷ ಓದಿದ್ದರಲ್ಲಿ ತುಂಬ ಇಷ್ಟವಾದ ಪುಸ್ತಕ ಯಾವುದು?" ನನ್ನ ಮಟ್ಟಿಗೆ ಇವೆಲ್ಲ ಒಂದೇ ಪ್ರಶ್ನೆ. ಹಾಗಾಗಿ ಒಟ್ಟಿಗೇ ಉತ್ತರ ಬರೆಯುತ್ತಿದ್ದೇನೆ.

ನಾನು ಹಾಸನದಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದೇನೆ. ಚಿತ್ರಕಲೆಯನ್ನು ಯಾರ ಹತ್ತಿರವೂ ಕಲಿತಿಲ್ಲ. ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ ಊಟದ ಟೇಬಲ್ ಒರೆಸಿ, ಹಳೇ ಪೇಪರ್ ಹಾಸಿ ಒಂದು ಗಂಟೆ ಕೂರುತ್ತೇನೆ. ಒಂದು 2ಬಿ ಪೆನ್ಸಿಲ್, ಒಂದು ವಾಟರ್ ಕಲರ್ ಡಬ್ಬಿ, ಎರಡು ಬ್ರಷ್. ಪಕ್ಕದಲ್ಲಿ ಓದುತ್ತಿರುವ ಪುಸ್ತಕ. ನಾವು ಕತೆಯನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಎರಡಕ್ಕೂ ಕನ್ನಡದಲ್ಲಿ ಒಂದೇ ಮಾತು ಇರುವುದು ನನಗೆ ಬಹಳ ಹಿತ.

ಇಲ್ಲದ ಪ್ರಾಣಿಯನ್ನು ಬರೆಯುವಾಗ ನಾನು ತಲೆ ಕೆಡಿಸಿಕೊಳ್ಳುವುದು ಒಂದೇ ಜಾಗದ ಬಗ್ಗೆ. ಅದರ ಮೈಯ ಎರಡು ಭಾಗ ಎಲ್ಲಿ ಕೂಡುತ್ತವೆ? ಹಲ್ಲು, ಉಗುರು, ಬೆಂಕಿ ಎಲ್ಲ ಸುಲಭ. ರೆಕ್ಕೆ ಬೆನ್ನಿಗೆ ಸೇರುವ ಕಡೆ ಕಷ್ಟ. ಅಲ್ಲಿ ಕೈ ತಪ್ಪಿದರೆ ಗೋಂದು ಹಚ್ಚಿ ಅಂಟಿಸಿದ ಹಾಗೆ ಕಾಣುತ್ತದೆ. ಈ ವರ್ಷ ನನ್ನ ಮನಸ್ಸಿನಲ್ಲಿ ಉಳಿದ ಪುಸ್ತಕಗಳು ಈ ಕೂಡುವ ಜಾಗದ ಬಗ್ಗೆ ಏನಾದರೂ ಹೇಳಿಕೊಟ್ಟಂಥವು.

ಡ್ರ್ಯಾಗನ್‌ನಿಂದಲೇ ಶುರು ಮಾಡೋಣ. ಯುರೋಪಿನ ಚಿತ್ರಗಳಲ್ಲಿ ಅದಕ್ಕೆ ಸಾಮಾನ್ಯವಾಗಿ ನಾಲ್ಕು ಕಾಲು, ಮೇಲೆ ಎರಡು ರೆಕ್ಕೆ. ಒಟ್ಟು ಆರಾಯಿತು. ಬೆನ್ನುಮೂಳೆ ಇರುವ ಯಾವ ಪ್ರಾಣಿಗೂ ಆರು ಕೈಕಾಲು ಇಲ್ಲ. ಹಕ್ಕಿಯ ರೆಕ್ಕೆ ಅಂದರೆ ಅದರ ಮುಂಗಾಲೇ. ಬಾವಲಿಯಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಅದರ ರೆಕ್ಕೆ ಒಂದು ಕೈ. ಹೆಬ್ಬೆರಳು ಕೊಕ್ಕೆಯ ಹಾಗೆ ಹೊರಗೆ ಇರುತ್ತದೆ. ಉಳಿದ ನಾಲ್ಕು ಬೆರಳು ಕೊಡೆಯ ಕಡ್ಡಿಗಳ ಹಾಗೆ ಉದ್ದ, ನಡುವೆ ತೆಳು ಚರ್ಮ. ಎಷ್ಟೋ ವರ್ಷ ನಾನು ಬಾವಲಿ ರೆಕ್ಕೆ ನೋಡಿಕೊಂಡೇ ಡ್ರ್ಯಾಗನ್ ಬರೆದೆ. ಪ್ರತಿ ಸಲವೂ ಮುಂಗಾಲಿನ ಹತ್ತಿರ ಬಂದು ಪೆನ್ಸಿಲ್ ನಿಲ್ಲುತ್ತಿತ್ತು. ಕೈ ರೆಕ್ಕೆಯಾಗಿಬಿಟ್ಟಿದೆ, ಇನ್ನು ಮುಂಗಾಲು ಎಲ್ಲಿಂದ ತರುವುದು? ಎರಡೆರಡು ಭುಜ ಬರೆದು ಅಳಿಸಿ ಅಳಿಸಿ ಕಾಗದ ತೂತಾಗಿದೆ.

ದಾರಿ ತೋರಿಸಿದ್ದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. 1980ರಲ್ಲಿ ಬಂದ ಪುಸ್ತಕ. ಕಾಲೇಜಿನಲ್ಲಿ ಓದಿದ್ದೆ. ಆಗ ಮಂದಣ್ಣ, ಬಿರಿಯಾನಿ ಕರಿಯಪ್ಪ ಇವರಷ್ಟೇ ನೆನಪಿನಲ್ಲಿ ಉಳಿದಿದ್ದರು. ಈ ವರ್ಷ ಮತ್ತೆ ತೆಗೆದಾಗ ನನ್ನ ಗಮನವೆಲ್ಲ ಅವರು ಹುಡುಕಿಕೊಂಡು ಹೊರಡುವ ಹಾರುವ ಓತಿಯ ಮೇಲೆ. ಅದು ಕಟ್ಟುಕತೆಯ ಪ್ರಾಣಿ ಅಂತ ತಿಳಿದವರು ಈಗಲೂ ಇದ್ದಾರೆ. ಹಾಗಲ್ಲ, ಪಶ್ಚಿಮ ಘಟ್ಟದಲ್ಲಿ ನಿಜವಾಗಿಯೂ ಇದೆ. ಅಡಿಕೆ ತೋಟದಲ್ಲೂ ಕಾಣುತ್ತದೆ. ಬಾಲ ಸೇರಿಸಿದರೂ ಒಂದು ಗೇಣಿನ ಆಸುಪಾಸು. ಬಣ್ಣ ಮರದ ತೊಗಟೆಯದೇ, ಸುಮ್ನೆ ಕೂತಿದ್ದರೆ ಕಣ್ಣಿಗೆ ಬೀಳುವುದಿಲ್ಲ. ಗಂಡು ತನ್ನ ಗಂಟಲಿನ ಹಳದಿ ಚರ್ಮವನ್ನು ಬಿಚ್ಚಿ ಆಡಿಸಿದಾಗಲೇ ಗೊತ್ತಾಗುವುದು. ವಿಜ್ಞಾನಿಗಳು ಈ ಗುಂಪಿಗೆ ಇಟ್ಟ ಹೆಸರು ಡ್ರ್ಯಾಕೊ. ಲ್ಯಾಟಿನ್‌ನಲ್ಲಿ ಹಾಗೆಂದರೆ ಡ್ರ್ಯಾಗನ್!

ಇದರ ರೆಕ್ಕೆಗೂ ಕೈಕಾಲಿಗೂ ಸಂಬಂಧವೇ ಇಲ್ಲ. ಪಕ್ಕೆಲುಬುಗಳೇ ಉದ್ದವಾಗಿ ಮೈಯಿಂದ ಆಚೆ ಚಾಚಿಕೊಂಡಿವೆ. ಅವುಗಳ ಮೇಲೆ ಚರ್ಮ ಹಬ್ಬಿದೆ. ಬೇಕಾದಾಗ ಬೀಸಣಿಗೆಯ ಹಾಗೆ ಬಿಚ್ಚುತ್ತದೆ, ಬೇಡವಾದಾಗ ಮಡಚಿ ಪಕ್ಕಕ್ಕೆ ಇಟ್ಟುಕೊಳ್ಳುತ್ತದೆ. ನಾಲ್ಕೂ ಕಾಲು ಕಾಲಾಗಿಯೇ ಉಳಿದಿವೆ. ನಾನು ವರ್ಷಗಟ್ಟಲೆ ಅಳಿಸುತ್ತಿದ್ದ ಜಾಗಕ್ಕೆ ನಮ್ಮ ಮಲೆನಾಡಿನ ಒಂದು ಓತಿ ಯಾವತ್ತೋ ಉತ್ತರ ಕಂಡುಕೊಂಡಿದೆ, ನೋಡಿ. ಆ ರಾತ್ರಿಯೇ ಪಕ್ಕೆಲುಬಿನ ರೆಕ್ಕೆ ಇರುವ ಡ್ರ್ಯಾಗನ್ ಬರೆದೆ. ಎತ್ತರದ ಅಡಿಕೆ ಮರ, ಮೇಲಿನ ಗೊನೆಯ ಹತ್ತಿರ ತಲೆ ಕೆಳಗೆ ಮಾಡಿ ಹೊಂಚು ಹಾಕಿ ಕೂತಿದೆ. ಇಂಥ ಪ್ರಾಣಿ ರೆಕ್ಕೆ ಬಡಿಯುವುದಿಲ್ಲ, ಜಾರಿಕೊಂಡು ಬರುತ್ತದೆ. ಆದ್ದರಿಂದ ಮೈ ತೆಳ್ಳಗಿರಬೇಕು, ಬಾಲ ಉದ್ದವಿರಬೇಕು. ಕೂಡುವ ಜಾಗ ಒಂದು ಸರಿಯಾದರೆ ಉಳಿದಿದ್ದೆಲ್ಲ ತಾನಾಗಿ ಬರುತ್ತದೆ ಅನ್ನುವುದು ನನಗೆ ಅವತ್ತು ಗೊತ್ತಾಯಿತು.

ಟೋಲ್ಕಿನ್ ಅವರ ‘ದಿ ಹಾಬಿಟ್’ (1937) ಕೂಡ ಈ ವರ್ಷ ಮತ್ತೆ ಓದಿದೆ. ಅದಕ್ಕೆ ಚಿತ್ರ ಮತ್ತು ನಕ್ಷೆ ಬರೆದವರೂ ಅವರೇ. ಚಿನ್ನದ ರಾಶಿಯ ಮೇಲೆ ಮಲಗಿದ ಸ್ಮಾಗ್ ಎಂಬ ಡ್ರ್ಯಾಗನ್‌ನ ಚಿತ್ರ ತುಂಬ ಜನಕ್ಕೆ ಗೊತ್ತಿರುತ್ತದೆ. ಅದರಲ್ಲಿ ಕತೆಯ ನಾಯಕ ಬಿಲ್ಬೋ ಇರಬೇಕಾದ್ದಕ್ಕಿಂತ ತೀರಾ ದೊಡ್ಡದಾಗಿ ಬಂದಿದ್ದಾನೆ ಎಂದು ಅವರೇ ಒಂದು ಪತ್ರದಲ್ಲಿ ಒಪ್ಪಿಕೊಂಡಿದ್ದಾರೆ. ಅಳತೆ ತಪ್ಪಿದೆ, ಆದರೂ ಆ ಚಿತ್ರ ನನಗೆ ಇಷ್ಟ. ಕತೆ ಕಟ್ಟಿದವರ ಕಣ್ಣಿಗೆ ಆ ಗುಹೆ ಹೇಗೆ ಕಂಡಿತ್ತು ಎಂದು ಅದರಿಂದ ತಿಳಿಯುತ್ತದಲ್ವಾ?

ಅಳತೆ ಅಂದರೆ ಏನು ಎಂದು ಕಲಿಸಿದ್ದು ಉರ್ಸುಲಾ ಲೆ ಗ್ವಿನ್ ಅವರ ‘ಎ ವಿಝರ್ಡ್ ಆಫ್ ಅರ್ತ್‌ಸೀ’. 1968ರ ಪುಸ್ತಕ. ನಾನು ಓದಿದ್ದು ಈ ವರ್ಷ, ಮೊದಲ ಸಲ. ಗೆಡ್ ಎಂಬ ಹುಡುಗ, ಕಂಚುಗಾರನ ಮಗ, ಆಡು ಕಾಯುತ್ತಿದ್ದವನು, ಮಂತ್ರ ಕಲಿತು ದೊಡ್ಡವನಾಗಿ ಒಂದು ಸಣ್ಣ ದೋಣಿಯಲ್ಲಿ ಡ್ರ್ಯಾಗನ್ ಇರುವ ದ್ವೀಪಕ್ಕೆ ಹೋಗುತ್ತಾನೆ. ದಡದಲ್ಲಿ ಹಾಳುಬಿದ್ದ ಊರು, ಮುರಿದ ಗೋಪುರ. ಗೋಪುರದ್ದೇ ಒಂದು ಭಾಗ ಎಂದು ಅವನು ಅಂದುಕೊಂಡಿದ್ದ ಆಕಾರ ಭುಜ ಅಲ್ಲಾಡಿಸಿ ಮೆಲ್ಲಗೆ ಸುರುಳಿ ಬಿಚ್ಚಿ ಏಳುತ್ತದೆ. ಆ ಸಾಲು ಓದಿ ಪುಸ್ತಕ ಮಡಚಿಟ್ಟು ಪೆನ್ಸಿಲ್ ಹಿಡಿದೆ. ಇಲ್ಲಿ ಕೂಡುವ ಜಾಗ ಕಲ್ಲಿಗೂ ಮೈಗೂ ನಡುವೆ ಇದೆ. ಎಲ್ಲಿ ಗೋಡೆ ಮುಗಿದು ಎಲ್ಲಿ ಡ್ರ್ಯಾಗನ್ ಶುರುವಾಯಿತು ಎಂದು ನೋಡುವವರಿಗೆ ತಕ್ಷಣ ತಿಳಿಯಬಾರದು. ಕಾಗದದ ಕೆಳಗಿನ ಮೂಲೆಯಲ್ಲಿ ಅಕ್ಕಿಕಾಳಿನಷ್ಟು ದೋಣಿ ಬರೆದೆ. ಮೇಲೆ ಪೂರ್ತಿ ಕಲ್ಲು. ಕಲ್ಲಿನಲ್ಲಿ ಒಂದು ಕಡೆ ಮಾತ್ರ ಹುರುಪೆ.

ಆಮೇಲೆ ದೋಣಿಯಲ್ಲಿರುವ ಹುಡುಗನನ್ನು ಬೇರೆ ಹಾಳೆಯಲ್ಲಿ ಹತ್ತಿರದಿಂದ ಬರೆದೆ. ಬಣ್ಣ ಹಚ್ಚಿ ಮುಗಿಸಿದ ಮೇಲೆ ನೋಡಿದರೆ ಮುಖ ಬೆಳ್ಳಗಿದೆ. ಪುಸ್ತಕದಲ್ಲಿ ಅವನ ಮೈಬಣ್ಣ ಕೆಂಪು ಬೆರೆತ ಕಂದು ಎಂದು ಸ್ಪಷ್ಟವಾಗಿಯೇ ಇದೆ. ಅವನ ಪ್ರಾಣಸ್ನೇಹಿತನದು ಅದಕ್ಕಿಂತ ಕಪ್ಪು. ತನ್ನ ಪುಸ್ತಕದ ಮುಖಪುಟಗಳಲ್ಲಿ ಗೆಡ್‌ನನ್ನು ಬೆಳ್ಳಗೆ ಮಾಡುತ್ತಾರೆ ಎಂದು ಲೆ ಗ್ವಿನ್ ಎಷ್ಟೋ ವರ್ಷ ಬೇಸರಪಟ್ಟಿದ್ದರು. ಅದೇ ತಪ್ಪನ್ನು ಹಾಸನದಲ್ಲಿ ಕೂತು ನಾನೂ ಮಾಡಿದ್ದೆ. ನನ್ನ ಮನೆಯಲ್ಲಿ ಯಾರ ಮುಖವೂ ಆ ಬಣ್ಣದ್ದಲ್ಲ. ಇದು ನನ್ನನ್ನು ಎರಡು ದಿನ ಕಾಡಿತು. ಹಾಳೆ ಬದಲಿಸಿ ಬರ್ನ್ಟ್ ಸಿಯೆನ್ನಾ ಎಂಬ ಕೆಂಪು ಬೆರೆತ ಕಂದು ಬಣ್ಣದಿಂದ ಮತ್ತೆ ಶುರು ಮಾಡಿದೆ. ಈಗ ಮಂತ್ರವಾದಿಯಾಗಲಿ, ರಾಜನಾಗಲಿ, ಯಾರನ್ನೇ ಬರೆದರೂ ನಾನು ಮೊದಲು ತೆಗೆಯುವುದು ಆ ಬಣ್ಣವನ್ನು.

ಹಳೇಬೀಡು ನಮಗೆ ಹತ್ತಿರ. ಅಲ್ಲಿನ ದೇವಸ್ಥಾನದ ಗೋಡೆಯ ಕೆಳಸಾಲಿನಲ್ಲಿ ಆನೆಗಳು, ಮೇಲೆ ಸಿಂಹ, ಕುದುರೆ, ಬಳ್ಳಿ, ಕತೆಗಳು, ಅವುಗಳ ಮೇಲೆ ಮಕರ, ಹಂಸ. ಮಕರದ ಮೂತಿ ಆನೆಯ ಸೊಂಡಿಲಿನ ಹಾಗೆ, ಮೈ ಹಂದಿಯ ಹಾಗೆ, ಬಾಲ ನವಿಲಿನ ಹಾಗೆ. ಮೈ ಮುಗಿಯುವ ಕಡೆಯಿಂದಲೇ ಬಾಲ ಸುರುಳಿ ಸುರುಳಿಯಾಗಿ ಎದ್ದುಬಿಡುತ್ತದೆ. ಸಂದು ಆ ಸುರುಳಿಯೊಳಗೆ ಮುಚ್ಚಿಹೋಗುತ್ತದೆ. ಪುಸ್ತಕದ ಲೆಕ್ಕಕ್ಕೆ ಬರದಿದ್ದರೂ ನಾನು ಈ ವರ್ಷ ಜಾಸ್ತಿ ಓದಿದ್ದು ಆ ಗೋಡೆಯನ್ನೇ.

ಇಷ್ಟೆಲ್ಲ ಆದ ಮೇಲೆ, ಈ ವರ್ಷ ತುಂಬ ಇಷ್ಟವಾದ ಒಂದೇ ಒಂದು ಯಾವುದು ಅಂದರೆ, ಎ. ಕೆ. ರಾಮಾನುಜನ್ ಸಂಗ್ರಹಿಸಿದ ಒಂದು ಕತೆ. ಅವರು ಮೈಸೂರಿನವರು. ಕನ್ನಡ ನಾಡಿನಲ್ಲಿ ಜನರ ಬಾಯಿಂದ ಕೇಳಿ ಕೂಡಿಟ್ಟ 77 ಕತೆಗಳ ಇಂಗ್ಲಿಷ್ ಪುಸ್ತಕ ‘ಎ ಫ್ಲವರಿಂಗ್ ಟ್ರೀ’ ಅವರು ತೀರಿಕೊಂಡ ನಾಲ್ಕು ವರ್ಷದ ನಂತರ, 1997ರಲ್ಲಿ ಬಂತು. ಪುಸ್ತಕಕ್ಕೆ ಹೆಸರು ಕೊಟ್ಟ ಕತೆಯೇ ನಾನು ಹೇಳುತ್ತಿರುವುದು. ನಮ್ಮ ಮಾತಿನ ಕತೆಯನ್ನು ಇಂಗ್ಲಿಷಿನಲ್ಲಿ ಓದುತ್ತ ಮನಸ್ಸಿನಲ್ಲೇ ವಾಪಸ್ ಕನ್ನಡಕ್ಕೆ ತಂದುಕೊಂಡೆ. ನೀರಿನ ಕೊಡಕ್ಕೆ ‘ಪಿಚರ್’ ಎಂದು ಇದ್ದ ಕಡೆಯೆಲ್ಲ ನಮ್ಮಜ್ಜಿ ಮನೆಯ ಹಿತ್ತಾಳೆ ಬಿಂದಿಗೆ ಕಣ್ಣಿಗೆ ಬಂತು.

ಒಬ್ಬ ಬಡ ತಾಯಿಗೆ ಇಬ್ಬರು ಹೆಣ್ಣುಮಕ್ಕಳು. ಅಮ್ಮನ ಕಷ್ಟ ನೋಡಲಾರದೆ ಕಿರಿಯವಳು ಅಕ್ಕನಿಗೆ ಹೇಳುತ್ತಾಳೆ: ಉಗುರು ತಾಗದ ಹಾಗೆ ಎರಡು ಬಿಂದಿಗೆ ನೀರು ತಾ. ಒಂದು ಬಿಂದಿಗೆ ಹೊಯ್ದರೆ ನಾನು ಹೂಬಿಟ್ಟ ಮರವಾಗುತ್ತೇನೆ. ಚಿಗುರು, ಎಲೆ ಮುರಿಯದೆ ಹೂ ಬಿಡಿಸಿಕೋ. ಇನ್ನೊಂದು ಬಿಂದಿಗೆ ಹೊಯ್ದರೆ ಮತ್ತೆ ನಾನಾಗುತ್ತೇನೆ. ಹಾಗೆ ಹೂ ಮಾರಿ ದುಡ್ಡು ಮಾಡುತ್ತಾರೆ. ರಾಜಕುಮಾರ ಇದನ್ನು ಕಂಡು ಅವಳನ್ನೇ ಮದುವೆಯಾಗುತ್ತಾನೆ. ಆಮೇಲೆ ಅವನ ತಂಗಿ ಮತ್ತು ಗೆಳತಿಯರು ಅವಳನ್ನು ತೋಟಕ್ಕೆ ಕರೆದುಕೊಂಡು ಹೋಗಿ, ಬೇಕಾಬಿಟ್ಟಿ ನೀರೆರಚಿ, ಕೊಂಬೆ ಮುರಿದು ಹೂ ಕೀಳುತ್ತಾರೆ. ಮಳೆ ಬಂತೆಂದು ಎರಡನೇ ಬಿಂದಿಗೆಯನ್ನು ಹೇಗೋ ಸುರಿದು ಓಡುತ್ತಾರೆ. ಅವಳು ವಾಪಸ್ ಬಂದಾಗ ಕೈಯಿಲ್ಲ, ಕಾಲಿಲ್ಲ. ಅರ್ಧ ಮೈ.

ಇದನ್ನು ಬರೆಯಲು ಕೂತಾಗ ನನ್ನ ಕೈ ಅಭ್ಯಾಸದಂತೆ ಕೂಡುವ ಜಾಗಕ್ಕೇ ಹೋಯಿತು. ಸೊಂಟದವರೆಗೆ ಹುಡುಗಿ, ಕೆಳಗೆ ಬೇರು. ಕೂದಲೇ ಕೊಂಬೆ. ಬೆರಳ ತುದಿಯಲ್ಲಿ ಮೊಗ್ಗು. ಚೆನ್ನಾಗಿಯೇ ಬಂತು. ಆಫೀಸಿನಲ್ಲಿ ಎಲ್ಲರೂ ಮೆಚ್ಚಿದರು. ಆದರೆ ಕತೆಯನ್ನು ಇನ್ನೊಮ್ಮೆ ಓದಿದಾಗ ಆ ಚಿತ್ರ ನೋಡಲು ನನಗೇ ಸಂಕಟವಾಯಿತು. ಕತೆಯಲ್ಲಿ ಅವಳು ಪೂರ್ತಿ ಹುಡುಗಿ, ಇಲ್ಲ ಪೂರ್ತಿ ಮರ. ಅರ್ಧ ಆಗಿದ್ದು ಒಂದೇ ಸಲ, ಅದೂ ಗಾಯವಾಗಿ. ಅವಳ ಪಾಲಿನ ಅತಿ ಕೆಟ್ಟ ಹೊತ್ತನ್ನು ನಾನು ಅಲಂಕಾರ ಮಾಡಿ ತೋರಿಸಿದ್ದೆ. ಎರಡು ಮೈ ಬೆರೆಸುವುದೇ ಇಷ್ಟು ವರ್ಷ ನನ್ನ ಸಂತೋಷ. ಬೆರೆಸಬಾರದ ಜಾಗವೂ ಇದೆ ಎಂದು ಯಾವ ಪುಸ್ತಕವೂ ಹೀಗೆ ಹೇಳಿರಲಿಲ್ಲ.

ಹೊಸ ಹಾಳೆ ತೆಗೆದೆ. ಕಾಗದವನ್ನು ಪೂರ್ತಿ ಒದ್ದೆ ಮಾಡಿ ಬಣ್ಣ ಬಿಟ್ಟೆ. ಒದ್ದೆ ಕಾಗದದಲ್ಲಿ ಬಣ್ಣ ತನಗೆ ಬೇಕಾದ ಕಡೆ ಹರಡುತ್ತದೆ, ಹೂಗಳಿಗೆ ಅದು ಚೆಂದ. ಈ ಸಲ ಬರೀ ಮರ. ಬುಡದಲ್ಲಿ ಒದ್ದೆ ಮಣ್ಣು, ಮಗ್ಗುಲಾಗಿ ಉರುಳಿಸಿಟ್ಟ ಒಂದು ಖಾಲಿ ಬಿಂದಿಗೆ. ಪಕ್ಕದಲ್ಲಿ ನೆಟ್ಟಗೆ ನಿಂತ ಇನ್ನೊಂದು, ಕಂಠದವರೆಗೆ ನೀರು.

ಕಳೆದ ವಾರ ಚಿಕ್ಕಮ್ಮ ಬಂದಿದ್ದರು. ಕನ್ನಡಕ ಹಾಕಿಕೊಂಡು ಚಿತ್ರ ನೋಡಿ, "ಮರ ಚೆನ್ನಾಗಿದೆ. ಹುಡುಗಿ ಎಲ್ಲೇ?" ಎಂದರು. ಪಕ್ಕದಲ್ಲಿ ಕೂರಿಸಿಕೊಂಡು ಕತೆ ಹೇಳಿದೆ. ತುಂಬಿದ ಬಿಂದಿಗೆಯನ್ನು ತೋರಿಸಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದ್ರೆ ಆ ಬಿಂದಿಗೆ ಮೇಲೆ ಒಂದು ತಟ್ಟೆ ಮುಚ್ಚು. ಮರದ ಕೆಳಗೆ ಇಟ್ಟಿದೀಯಾ, ಕಸ ಬೀಳುತ್ತೆ" ಎಂದರು.

ಅವತ್ತೇ ರಾತ್ರಿ ತಟ್ಟೆ ಬರೆದೆ.